ಹಿಂದಿನ ಶಾಲೆಯ ಹೆಸರು

ಅರ್ಜಿಯಲ್ಲಿ ಹನ್ನೆರಡು ಸಾಲುಗಳಿದ್ದವು. ಅರಾಸೆಲಿ ಹನ್ನೊಂದನ್ನು ತುಂಬಿದಳು. ಮಕ್ಕಳ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು, ಒಗ್ಗದ ಔಷಧಿ, ತಂದೆಯ ಕೆಲಸ, ಎಲ್ಲವನ್ನೂ ದುಂಡಗೆ ಬರೆದಳು. ‘ಹಿಂದೆ ಓದಿದ ಶಾಲೆ’ ಎಂಬ ಸಾಲಿಗೆ ಬಂದಾಗ ಕೈ ನಿಂತಿತು.

ಕಿಟಕಿಯ ಸರಳುಗಳಾಚೆ ಕುಳಿತಿದ್ದ ಶಾಲೆಯ ಗುಮಾಸ್ತೆ, ಎಲ್ಲರೂ ಗೌರವದಿಂದ ದೊನ್ಯಾ ಎಂದು ಕರೆಯುವ ಹೋವಿತಾ, ಕನ್ನಡಕದ ಮೇಲಿನಿಂದ ನೋಡಿದಳು. ಅರವತ್ತರ ಹತ್ತಿರದ ಹೆಂಗಸು. ಒಂದು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ತೊಟ್ಟಿದ್ದಳು.

“ಏನಮ್ಮಾ, ಪೆನ್ನು ಕೈಕೊಡ್ತಾ? ಬೇರೆ ಕೊಡ್ಲಾ?”

“ಪೆನ್ನು ಚೆನ್ನಾಗಿದೆ, ದೊನ್ಯಾ. ಹಳೇ ಶಾಲೆ ಕಾಗದ ಎಲ್ಲಾ ಗಂಟಿನೊಳಗೆ ಸೇರ್ಕೊಂಡಿದೆ. ಸಾಮಾನು ಇನ್ನೂ ಬಿಚ್ಚಿಲ್ಲ.”

ಬಿಚ್ಚಲು ಸಾಮಾನೇ ಇರಲಿಲ್ಲ. ತಮ್ಮ ಊರು ಪಿನ್ಸಾನೆಸಿನಿಂದ ಅವರು ನಾಲ್ಕು ಚೀಲ ಮತ್ತು ಒಂದು ಬಾಣಲೆಯೊಂದಿಗೆ ಹೊರಟಿದ್ದರು. ಹುಟ್ಟಿದ ಪ್ರಮಾಣಪತ್ರಗಳನ್ನು ಅರಾಸೆಲಿ ರವಿಕೆಯೊಳಗೆ ಇಟ್ಟುಕೊಂಡಿದ್ದಳು. ಉಳಿದದ್ದೆಲ್ಲ ಅಲ್ಲೇ ಉಳಿಯಿತು, ಒಲೆಯ ಮೇಲಿನ ಬೇಳೆಯೂ ಕೂಡ.

“ಹೆಸರಾದ್ರೂ ಬರೀಬಹುದಲ್ಲ?” ಎಂದಳು ಹೋವಿತಾ.

“ಕಾಗದದ ಜೊತೆಗೇ ಬರೀತೀನಿ.”

ಹೋವಿತಾ ಅವಳ ಹಿಂದೆ ನಿಂತ ಮಕ್ಕಳತ್ತ ನೋಡಿದಳು. ಹನ್ನೊಂದರ ದೈರಾ ನೆಟ್ಟಗೆ ನಿಂತಿದ್ದಳು. ಏಳರ ಉರಿಯೆಲ್ ಬಿಸಿಲುಸೀಮೆಯ ತೆಳು ಅಂಗಿಯಲ್ಲಿ ನಡುಗುತ್ತಿದ್ದ. ಉತ್ತರದ ಈ ಹೊಸ ಊರು ಸಾಲ್ತಿಯೊದಲ್ಲಿ ಸೆಪ್ಟೆಂಬರ್ ಕೊನೆಗೇ ಬೆಟ್ಟದ ಕಡೆಯಿಂದ ಗಾಳಿ ಬೀಸಲು ಶುರುವಾಗುತ್ತದೆ.

“ನೋಡಮ್ಮಾ, ಮಧ್ಯಾಹ್ನದ ಪಾಳಿಯಲ್ಲಿ ಆರನೇ ಕ್ಲಾಸಲ್ಲಿ ಒಂದು ಸೀಟಿದೆ, ಎರಡನೇ ಕ್ಲಾಸಲ್ಲಿ ಒಂದಿದೆ. ಹಳೇ ಶಾಲೆಯ ಅಂಕಪಟ್ಟಿ ಬೇಕು. ಅವರು ತಮ್ಮ ಪಟ್ಟಿಯಿಂದ ಹೆಸರು ತೆಗೆದ್ರೆ ನಾನು ನನ್ನ ಪಟ್ಟಿಗೆ ಸೇರಿಸಬಹುದು. ಅಲ್ಲೀವರೆಗೂ ಮಕ್ಕಳು ಕೂತು ಕೇಳಲಿ. ಹಾಜರಿ ಕೂಗಲ್ಲ, ಅಷ್ಟೇ. ಕಿವಿಗೇನು ಪಟ್ಟಿ ಬೇಕಾ?”

“ಎಷ್ಟು ದಿನ?”

“ಅಕ್ಟೋಬರ್ ಕೊನೇವರೆಗೂ ಹಿಡ್ಕೊಂಡಿರ್ತೀನಿ. ಆಮೇಲೆ ಸೀಟು ಬೇರೆಯವರ ಪಾಲು. ಸಾಲಿನಲ್ಲಿ ಒಂಬತ್ತು ಜನ ಇದಾರೆ.”

ಇದಕ್ಕೂ ಮೊದಲು ಎರಡು ಶಾಲೆಗಳು ಅವಳನ್ನು ಬಾಗಿಲಿನಿಂದಲೇ ಕಳುಹಿಸಿದ್ದವು. ಅರಾಸೆಲಿ ಸರಳುಗಳ ನಡುವೆ ಕೈ ತೂರಿಸಿ ಹೋವಿತಾಳ ಬೆರಳು ಮುಟ್ಟಿದಳು. “ದೇವರು ನಿಮಗೆ ಒಳ್ಳೇದು ಮಾಡ್ಲಿ” ಎಂದಳು. ಮರುದಿನ ಉರಿಯೆಲ್‌ಗೆ ಮೊಣಕೈಯಲ್ಲಿ ತೇಪೆ ಹಾಕಿದ ಒಂದು ದಪ್ಪ ಕೋಟು ಸಿಕ್ಕಿತು. ಹೋವಿತಾಳ ಮೊಮ್ಮಗನಿಗೆ ಚಿಕ್ಕದಾಯಿತಂತೆ, ಮನೆಯಲ್ಲಿ ಸುಮ್ಮನೆ ಜಾಗ ತಿನ್ನುತ್ತಿತ್ತಂತೆ.

ಕಾಗದ ತರಿಸುವುದು ಕಷ್ಟವಿರಲಿಲ್ಲ. ಒಂದು ಫೋನು ಸಾಕಿತ್ತು. ಆದರೆ ಪಿನ್ಸಾನೆಸಿನ ಶಾಲೆಯ ಆಫೀಸಿನಲ್ಲಿ ಕೂರುವವಳು ನೊಯೆಮಿ. ಆ ಊರನ್ನು ಕೈಯಲ್ಲಿಟ್ಟುಕೊಂಡ ಬಂದೂಕಿನ ಜನರ ಯಜಮಾನ ಅವಳ ಅಣ್ಣ. ಅವಳ ಮೇಜಿಗೆ ಬಂದದ್ದು ಸಂಜೆಯ ಊಟದ ಹೊತ್ತಿಗೆ ಅವನ ತಟ್ಟೆಯ ಪಕ್ಕದಲ್ಲಿರುತ್ತಿತ್ತು. ಟೈರು ಅಂಗಡಿಯವನೊಬ್ಬ ಹೀಗೆಯೇ ಹೆಂಡತಿ ಮಕ್ಕಳೊಂದಿಗೆ ತಪ್ಪಿಸಿಕೊಂಡು ದೂರದ ಊರು ಸೇರಿದ್ದ. ನಾಲ್ಕು ತಿಂಗಳು ಯಾರಿಗೂ ಸುಳಿವಿರಲಿಲ್ಲ. ಮಗನ ಅಂಕಪಟ್ಟಿ ಕೇಳಿ ಹೊಸ ಶಾಲೆಯಿಂದ ಕಾಗದ ಬಂತು. ಅದಾದ ವಾರಕ್ಕೆ ಟೈರು ಅಂಗಡಿಯವನ ತಾಯಿ ಶೋಕದ ಕಪ್ಪು ಬಟ್ಟೆ ಉಟ್ಟಳು.

ಅರಾಸೆಲಿಯ ಗಂಡ ಎವರಾರ್ದೊ ಲಿಂಬೆಹಣ್ಣಿನ ಲಾರಿ ಓಡಿಸುತ್ತಿದ್ದ. ಲಿಂಬೆಯ ಕೆಳಗೆ ನಮ್ಮ ಪೆಟ್ಟಿಗೆ ಹಾಕ್ಕೊಂಡು ಹೋಗು ಎಂದು ಆ ಜನ ಹೇಳಿದರು. ಅವನು ಸರಿ ಎಂದ. ಬೇಡ ಎಂದವರನ್ನು ಅವನು ನೋಡಿದ್ದ. ಮರುದಿನ ಪೆಟ್ಟಿಗೆ ತುಂಬಬೇಕಾದ ಹೊತ್ತಿಗೆ ಹೆಂಡತಿ ಮಕ್ಕಳನ್ನು ಬಸ್ಸು ಹತ್ತಿಸಿ ತಾನೂ ಹತ್ತಿದ. ಕೊಟ್ಟ ಮಾತು ತಪ್ಪಿ ಓಡಿಹೋದವನನ್ನು ಅವರು ಮರೆಯುವುದಿಲ್ಲ.

ಈಗ ಅವನು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತುತ್ತಿದ್ದ.

“ಇವೂ ಪೆಟ್ಟಿಗೇನೇ, ಆದ್ರೆ ಒಳಗೇನಿದೆ ಅಂತ ಮೇಲೆ ಬರ್ದಿರ್ತಾರೆ” ಎನ್ನುತ್ತಿದ್ದ.

ಅಕ್ಟೋಬರಿನ ಮೂರನೆಯ ಭಾನುವಾರ ಬೆಳಗ್ಗೆ ನಾಲ್ವರೂ ಹುರುಳಿ ಪಲ್ಯಕ್ಕೆ ಗೋಧಿ ರೊಟ್ಟಿ ತಿನ್ನುತ್ತಿದ್ದರು.

“ಮೆಕ್ಕೆಜೋಳದ ರೊಟ್ಟಿ ಯಾವಾಗಮ್ಮಾ?” ಎಂದ ಉರಿಯೆಲ್. “ಇದು ಕರವಸ್ತ್ರ ತಿಂದಂಗಿದೆ.”

“ತಿನ್ನು. ಮೂಗು ಒರೆಸ್ಕೊಂಡೂ ತಿನ್ನಬಹುದು” ಎಂದಳು ದೈರಾ. ನಂತರ ತಂದೆಯತ್ತ ತಿರುಗಿ, “ಅಪ್ಪಾ, ಟೀಚರ್ ನನಗೂ ಉರಿಯೆಲ್‌ಗೂ ಪರೀಕ್ಷೆ ಕೊಟ್ರು. ಯಾವ ಮಟ್ಟದಲ್ಲಿದೀವಿ ಅಂತ ನೋಡೋಕೆ. ನನಗೆ ಹತ್ತಕ್ಕೆ ಒಂಬತ್ತೂವರೆ ಬಂತು. ಆದ್ರೆ ಪಟ್ಟಿಗೆ ಸೇರದೇ ಇದ್ರೆ ಅದು ಲೆಕ್ಕಕ್ಕಿಲ್ವಂತೆ. ಆರನೇ ಕ್ಲಾಸು ಮುಗಿಸಿದ ಕಾಗದಾನೂ ಸಿಗಲ್ವಂತೆ. ನಿಜಾನಾ?”

ಎವರಾರ್ದೊ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ. ಮಕ್ಕಳು ಅಂಗಳಕ್ಕೆ ಹೋದ ಮೇಲೆ, “ಒಂದು ವರ್ಷ ಓದದೇ ಇದ್ರೆ ಏನಾಗುತ್ತೆ? ನಾನು ಐದನೇ ಕ್ಲಾಸು. ಲಾರಿ ಓಡಿಸ್ಲಿಲ್ವಾ?” ಎಂದ.

“ಓಡಿಸಿದ್ದಕ್ಕೇ ತಾನೇ ಇಲ್ಲಿ ಬಂದು ಕೂತಿರೋದು.”

ಅವನು ನಕ್ಕ, ಆದರೆ ನಗು ಅರ್ಧಕ್ಕೆ ನಿಂತಿತು. “ಹೇಳ್ಬಿಡು ಹಾಗಾದ್ರೆ. ಆ ಅಜ್ಜಿಗೆ ನಿಜ ಹೇಳು.”

“ಅವಳ ತಂಗಿ ಯಾರೋ, ಅಳಿಯ ಯಾರೋ. ಯಾರಿಗೆ ಹೇಳ್ಬೇಕು, ಯಾರಿಗೆ ಬಿಡ್ಬೇಕು ಅಂತ ನನಗೇನು ಗೊತ್ತು, ಎವರಾರ್ದೊ? ಊರಲ್ಲಿ ನೊಯೆಮಿನೂ ಒಳ್ಳೆಯವಳೇ. ನಿನ್ನ ಮಗಳ ಹುಟ್ಟುಹಬ್ಬಕ್ಕೆ ಕೇಕು ತಂದಿದ್ದಳು.”

ಅದಾದ ಗುರುವಾರ ಅವಳು ಮಕ್ಕಳನ್ನು ಬಿಡಲು ಹೋದಾಗ ಹೋವಿತಾ ಕಿಟಕಿಯಿಂದಲೇ ಕೈಬೀಸಿ ಕರೆದಳು. ಮುಖದ ತುಂಬ ನಗು.

“ಬಾರಮ್ಮಾ, ಬಾ! ನಿನ್ನ ಗಂಟು ಬಿಚ್ಚೋ ಕೆಲಸ ತಪ್ಪಿಸಿದೀನಿ.”

“ಏನಂದ್ರಿ?”

“ನಿನ್ನೆ ನಿನ್ನ ಮಗನಿಗೆ ಸಿಹಿ ಬ್ರೆಡ್ಡು ಕೊಟ್ಟೆ. ಶಾಲೆ ಹೆಸರೇನಪ್ಪಾ ಅಂದೆ. ಮೊದಲು ಮರೆತುಹೋಯ್ತು ಅಂದ, ಕಳ್ಳ. ಎರಡನೇ ತುಂಡಿಗೆ ಹೇಳ್ದ. ಪಾಪ ನೀನು ಕೆಲಸ ಹುಡ್ಕೊಂಡು ಓಡಾಡ್ತಿದೀಯಲ್ಲ ಅಂತ ನಾನೇ ಫೋನು ಮಾಡ್ಬಿಟ್ಟೆ. ಎಂಥಾ ಒಳ್ಳೆ ಹೆಂಗಸಮ್ಮಾ ಅಲ್ಲಿರೋದು! ನೊಯೆಮಿ ಅಂತೆ. ನಿಮ್ಮನ್ನೆಲ್ಲಾ ಎಷ್ಟು ವಿಚಾರಿಸಿಕೊಂಡ್ಳು!”

ಅರಾಸೆಲಿ ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಏನು ವಿಚಾರಿಸಿದ್ಳು?”

“ಹೇಗಿದಾರೆ, ಗಂಡನಿಗೆ ಕೆಲಸ ಸಿಕ್ತಾ, ಯಾವ ಪಾಳಿ, ಮಕ್ಕಳನ್ನ ಎಷ್ಟು ಗಂಟೆಗೆ ಬಿಡ್ತಾರೆ. ನಿನ್ನ ಗಂಡನ ಅಣ್ಣನೋರು ಈ ಕಡೆ ಬರೋರಿದಾರಂತೆ, ನಿಮಗೆ ಹೇಳ್ದೇನೇ ಬಂದು ಮಕ್ಕಳನ್ನ ಕರ್ಕೊಂಡು ಐಸ್‌ಕ್ರೀಮ್ ಕೊಡಿಸ್ತಾರಂತೆ. ಅಯ್ಯೋ, ನೋಡು, ನಾನೇ ಹೇಳ್ಬಿಟ್ಟೆ!”

ಎವರಾರ್ದೊಗೆ ಅಣ್ಣತಮ್ಮಂದಿರಿಲ್ಲ. ಅವನು ಒಬ್ಬನೇ ಮಗ.

ಆಟದ ಅಂಗಳದಲ್ಲಿ ಗಂಟೆ ಹೊಡೆಯಿತು. ಇನ್ನೂರು ಮಕ್ಕಳು ಸಾಲುಗಟ್ಟಲು ಓಡಿದರು. ಆ ಗದ್ದಲದಲ್ಲಿ ಅರಾಸೆಲಿ ಉರಿಯೆಲ್‌ನ ತಲೆಯನ್ನು ಹುಡುಕಿದಳು. ಕಾಣಲಿಲ್ಲ. ಬೀದಿಯತ್ತ ನೋಡಿದಳು. ಐಸ್‌ಕ್ರೀಮಿನ ಗಾಡಿ, ಒಬ್ಬ ಮುದುಕ, ನಿಂತಿದ್ದ ಒಂದು ಬೂದು ಬಣ್ಣದ ವ್ಯಾನು. ವ್ಯಾನು ಪ್ರತಿದಿನ ಅಲ್ಲೇ ನಿಲ್ಲುತ್ತಿತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

“ಮಗಳೇ, ನಿನ್ನ ತುಟಿ ಬಿಳಿಚಿಕೊಂಡಿದೆ” ಎಂದಳು ಹೋವಿತಾ. ನಗು ಹೋಗಿತ್ತು. “ಒಳಗೆ ಬಾ. ಕೂತ್ಕೋ.”

ಅರಾಸೆಲಿ ಕೂರಲಿಲ್ಲ. ಬಾಗಿಲ ಬಳಿ ನಿಂತು, ಒಂದು ಕಣ್ಣು ಬೀದಿಯ ಮೇಲಿಟ್ಟು, ಹತ್ತು ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಯಾರಿಗೂ ಹೇಳಬಾರದೆಂದು ಇಷ್ಟು ದಿನ ಹಿಡಿದಿಟ್ಟದ್ದು ಈಗ ಮುಚ್ಚಿಡುವಂಥದ್ದಾಗಿ ಉಳಿದಿರಲಿಲ್ಲ.

ಹೋವಿತಾ ಅಳಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಹೊರಗೆ ಹೋಗಿ ತಾನೇ ಇಬ್ಬರೂ ಮಕ್ಕಳ ಕೈ ಹಿಡಿದು ಒಳಗೆ ಕರೆತಂದು, ಬಾಗಿಲಿನ ಅಗುಳಿ ಹಾಕಿದಳು.

“ನಿನ್ನ ಗಂಡನಿಗೆ ಫೋನು ಮಾಡು. ಮನೆಗೆ ಹೋಗೋದು ಬೇಡ. ಹಿಂದಿನ ಗೇಟಿನಿಂದ ಬಸ್ ನಿಲ್ದಾಣಕ್ಕೆ ಹತ್ತು ನಿಮಿಷ. ನನಗೂ ಹತ್ತು ನಿಮಿಷ ಕೊಡು.”

ಅವಳು ಬೀರುವಿನಿಂದ ಎರಡು ಹಾಳೆ ತೆಗೆದು ಬೆರಳಚ್ಚು ಯಂತ್ರಕ್ಕೆ ಹಾಕಿದಳು. ಅವು ಶಾಲೆಯ ಮೊಹರಿನ ಅಂಕಪಟ್ಟಿಗಳು. ಮಕ್ಕಳು ಬರೆದ ಪರೀಕ್ಷೆಯ ಅಂಕಗಳನ್ನೇ ತುಂಬಿದಳು, ಒಂದನ್ನೂ ಹೆಚ್ಚಿಸಲಿಲ್ಲ. ‘ಹಿಂದೆ ಓದಿದ ಶಾಲೆ’ ಎಂಬಲ್ಲಿ ಇದೇ ಶಾಲೆಯ ಹೆಸರನ್ನು ಟೈಪು ಮಾಡಿದಳು. ಪಕ್ಕದ ಕೋಣೆಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿ ತಂದಳು. ಅವರು ಏನೂ ಕೇಳಲಿಲ್ಲವಂತೆ. ಹುಡುಗಿ ಗಣಿತದಲ್ಲಿ ಹೇಗೆ ಎಂದಷ್ಟೇ ಕೇಳಿದರಂತೆ.

“ಇನ್ನು ನಿನ್ನ ಮಕ್ಕಳು ಓದಿದ ಶಾಲೆ ಇದು. ಯಾರಾದ್ರೂ ಕೇಳಿದ್ರೆ ಇಲ್ಲಿಗೆ ಕೇಳಲಿ. ಇಲ್ಲಿಂದ ಹಿಂದಕ್ಕೆ ಆ ಊರಿಗೆ ದಾರಿ ಇಲ್ಲ.”

ಉರಿಯೆಲ್ ತಾಯಿಯ ಲಂಗ ಹಿಡಿದುಕೊಂಡ. “ಅಮ್ಮಾ, ಯಾಕೆ ಹೋಗ್ಬೇಕು? ನಾನು ಏನಾದ್ರೂ ಮಾಡಿದ್ನಾ?”

ಅರಾಸೆಲಿಗಿಂತ ಮೊದಲು ಹೋವಿತಾ ಉತ್ತರ ಕೊಟ್ಟಳು. “ಇಲ್ಲಪ್ಪಾ. ನಾನು ಮಾಡಿದ್ದು. ಕೋಟಿನ ಗುಂಡಿ ಹಾಕ್ಕೋ.”

ಅವರು ಸೇರಿದ ಮೂರನೆಯ ಊರಿನ ಹೆಸರು ಇಲ್ಲಿ ಬೇಡ. ಅದು ದೊಡ್ಡ ಊರು, ಅಲ್ಲಿಯೂ ಶಾಲೆಗಳ ಮುಂದೆ ಸಾಲುಗಳಿದ್ದವು ಎಂದರೆ ಸಾಕು. ಎರಡು ತಿಂಗಳು ಅರಾಸೆಲಿ ಮಕ್ಕಳನ್ನು ಕೋಣೆಯಿಂದ ಹೊರಗೆ ಬಿಡಲಿಲ್ಲ. ದೈರಾ ತಮ್ಮನಿಗೆ ಲೆಕ್ಕ ಹೇಳಿಕೊಟ್ಟಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ನಾಲ್ವರೂ ಮಾತು ನಿಲ್ಲಿಸುತ್ತಿದ್ದರು. ಜನವರಿಯಲ್ಲಿ ದೈರಾ, “ಅಮ್ಮಾ, ನಾನು ಇನ್ಮೇಲೆ ಆರನೇ ಕ್ಲಾಸಲ್ಲಿ ಇಲ್ವಾ, ಹಾಗಾದ್ರೆ?” ಎಂದು ಕೇಳಿದಳು. ಆ ದಿನವೇ ಅರಾಸೆಲಿ ಎರಡು ಹಾಳೆಗಳನ್ನು ತೆಗೆದುಕೊಂಡು ಹತ್ತಿರದ ಶಾಲೆಗೆ ಹೋದಳು.

ಅಲ್ಲಿನ ಗುಮಾಸ್ತೆ ಕಿತ್ತಳೆ ಸುಲಿಯುತ್ತಿದ್ದಳು. ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದು ಒಂದೇ ಪರೀಕ್ಷೆದು. ಹಿಂದಿನ ವರ್ಷಗಳದ್ದೆಲ್ಲಿ?”

“ಅಲ್ಲೇ ಇದೆ.”

“ಅಲ್ಲಿದ್ರೆ ನನಗೇನು ಪ್ರಯೋಜನ? ಇರಿ, ಹಾಳೆ ಮೇಲೆ ಶಾಲೆ ನಂಬರಿದೆ, ಕೇಳ್ತೀನಿ.”

“ಬೇಡ, ನಾನೇ...” ಎಂದಳು ಅರಾಸೆಲಿ. ಅಷ್ಟರಲ್ಲಿ ಆಕೆ ಕಿತ್ತಳೆಯ ಕೈಯಲ್ಲೇ ಅಂಕಿ ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ಧ್ವನಿ ಎಲ್ಲರಿಗೂ ಕೇಳುವಂತೆ ಮಾಡಿದ್ದಳು. ರಿಂಗ್ ಆಗುತ್ತಿತ್ತು. ಆ ಕಡೆ ಈಗ ಯಾರಿದ್ದಾರೋ. ಹೋವಿತಾ ನಿವೃತ್ತಿಯಾಗಿದ್ದರೆ? ಹೊಸಬರು ಎತ್ತಿದರೆ? ಯಾವ ಊರು ಎಂದು ಬರೆದಿಟ್ಟುಕೊಂಡರೆ? ಅರಾಸೆಲಿ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಕಣ್ಣಲ್ಲೇ ಎಣಿಸಿದಳು.

“ಹಲೋ?” ಅದೇ ಧ್ವನಿ.

“ನಮಸ್ಕಾರ, ಎರಡು ಮಕ್ಕಳ ಅಂಕಪಟ್ಟಿ ವಿಷಯ. ದೈರಾ ಮತ್ತು ಉರಿಯೆಲ್ ಅಂತ. ನಾನು ಮಾತಾಡ್ತಿರೋದು...”

“ಅಯ್ಯೋ, ನಮ್ಮ ಮಕ್ಕಳು!” ಹೋವಿತಾ ಮಾತು ತುಂಡರಿಸಿದಳು. “ಒಂದನೇ ಕ್ಲಾಸಿನಿಂದ ನಮ್ಮಲ್ಲೇ ಇದ್ದೋರು. ಆ ಹುಡುಗಿಯ ಮುಂದಿನ ಹಲ್ಲು ಬಿದ್ದಿದ್ದು ನನ್ನ ಮೇಜಿನ ಮೇಲೆ. ಹಳೇ ಪಟ್ಟಿಗಳು ಮಾಡು ಸೋರಿ ಹಾಳಾದವು, ತಾಯೀ. ಬೇಕಾದ್ರೆ ನಮ್ಮ ಮೊಹರಿನ ಪತ್ರ ಕೊಡ್ತೀನಿ, ಪಟ್ಟಿಯಿಂದ ಹೆಸರು ತೆಗೆದಿದೀನಿ, ಸೇರಿಸ್ಕೊಳ್ಳಿ.”

“ಹಾಗಾದ್ರೆ ಪತ್ರ ನಮ್ಮ ವಿಳಾಸಕ್ಕೆ...”

“ವಿಳಾಸ ಬೇಡ. ಫೋಟೋ ತೆಗೆದು ಈ ನಂಬರಿಗೇ ಕಳಿಸ್ತೀನಿ, ಆಮೇಲೆ ನಂಬರು ಅಳಿಸಿಬಿಡ್ತೀನಿ, ಈ ಆಫೀಸು ಫೋನಲ್ಲಿ ಜಾಗ ಇಲ್ಲ.” ಸ್ವಲ್ಪ ನಿಧಾನವಾಗಿ ಮುಂದುವರಿಸಿದಳು. “ಅವರ ತಾಯಿ ಸಿಕ್ಕಿದ್ರೆ ಹೇಳಿ. ಅವರ ಕಡೆಯವರು ಅಂತ ಇಬ್ಬರು ಗಂಡಸರು ಬಂದಿದ್ರು, ಎರಡು ಸಲ. ಗಡಿ ದಾಟಿ ಟೆಕ್ಸಾಸಿಗೆ ಹೋದ್ರಂತೆ ಅಂದುಬಿಟ್ಟೆ. ವಯಸ್ಸಾಯ್ತಲ್ಲ, ಏನೋ ಹೇಳ್ಬಿಡ್ತೀನಿ. ಈಗ ಎಲ್ಲಿಂದ ಮಾತಾಡ್ತಿದೀರಿ ಅಂತಾನೂ ಹೇಳ್ಬೇಡಿ. ನನ್ನ ತಲೆಯಲ್ಲಿ ಏನೂ ನಿಲ್ಲಲ್ಲ.”

ಫೋನು ಇಟ್ಟ ಸದ್ದಾಯಿತು. ಗುಮಾಸ್ತೆ ಕಿತ್ತಳೆಯ ತೊಳೆಯೊಂದನ್ನು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದಳು.

“ಎಂಥಾ ವಿಚಿತ್ರ ಮುದುಕಿ. ಯಾವ ಊರು ಅಂತಾನೂ ಕೇಳಲಿಲ್ಲ.”

“ಹೌದು” ಎಂದಳು ಅರಾಸೆಲಿ. ಅವಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತಳು. ಎರಡು ಸಲ. ಇಬ್ಬರು ಗಂಡಸರು.

“ಸೋಮವಾರದಿಂದ ಕಳಿಸಿ, ಮಧ್ಯಾಹ್ನದ ಪಾಳಿ” ಎಂದು ಆಕೆ ಪಟ್ಟಿಯಲ್ಲಿ ಹೆಸರು ಬರೆಯತೊಡಗಿದಳು. ಬರೆಯುತ್ತ ತಲೆಯೆತ್ತಿ, “ಬಿಡೋ ಹೊತ್ತಿಗೆ ಯಾರು ಬರ್ತಾರೆ ಕರ್ಕೊಂಡು ಹೋಗೋಕೆ? ಯಾರ ಯಾರ ಹೆಸರು ಹಾಕ್ಲಿ?” ಎಂದು ಕೇಳಿದಳು.

“ನಾನು. ನಾನೊಬ್ಬಳೇ” ಎಂದಳು ಅರಾಸೆಲಿ. “ಬೇರೆ ಯಾರ ಕೈಗೂ ಕೊಡ್ಬೇಡಿ. ಬಂದೋರು ಎಷ್ಟೇ ಒಳ್ಳೆ ಮಾತಾಡ್ಲಿ.”

ಆಕೆ ಪೆನ್ನು ನಿಲ್ಲಿಸಿ ಅರಾಸೆಲಿಯ ಮುಖ ನೋಡಿದಳು. ಅರಾಸೆಲಿಯ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಉಳಿದ ಅರ್ಧ ಕಿತ್ತಳೆಯನ್ನು ಅವಳತ್ತ ಚಾಚಿದಳು.