ಕೊಳವೆಯ ತಳದ ಬಿಳಿ

ಮನೆಗೆಲಸದ ಲಾಂದಿ ಚುಕ್ ಯಾರಿಗೂ ಹೇಳದೆ, ಮೀನು ಹವಳ ಸಾಕಿದ ಗಾಜಿನ ತೊಟ್ಟಿಗೆ ಕ್ಷಾರದ ದ್ರವ ಸುರಿಯುತ್ತಿದ್ದಾಳೆ ಎಂದು ಡಾಕ್ಟರ್ ಪೆನಿಚೆಯವರ ಮನೆಯಲ್ಲಿ ತೀರ್ಮಾನವಾಗಿದ್ದು ಗುರುವಾರ. ಅವಳನ್ನು ಯಾರೂ ಕೇಳಲಿಲ್ಲ. ತೀರ್ಮಾನವಾದ ಮೇಲೆ ಕರೆದು ತಿಳಿಸಿದರು.

"ಸೋಮವಾರ ಇಂಜಿನಿಯರ್ ಬಂದು ಇನ್ನೊಂದ್ಸಲ ನೋಡ್ತಾರೆ," ಎಂದರು ಡಾಕ್ಟರ ಹೆಂಡತಿ ಮಿರ್ನಾ. "ಆಗಲೂ ಕ್ಷಾರ ಒಂಬತ್ತೇ ಬಂದ್ರೆ ನೀನು ಬೇರೆ ಮನೆ ಕೆಲಸ ನೋಡ್ಕೋಬೇಕಾಗತ್ತೆ. ಎಂಟು ವರ್ಷ ಇದ್ದೀಯ, ನಾವೇನೂ ಗಲಾಟೆ ಮಾಡಲ್ಲ."

"ನಾನು ಸುರಿದಿಲ್ಲಮ್ಮ."

"ನೀನು ಬೇಕೂಂತ ಮಾಡಿದ್ದು ಅಂತ ಯಾರು ಅಂದ್ರು? ಒಳ್ಳೇದಾಗ್ಲಿ ಅಂತ ಮಾಡಿರ್ತೀಯ. ನಿಮ್ಮೋರಿಗೆ ಒಂದು ಚಮಚ ಅಂದ್ರೆ ಒಂದು ಹಿಡಿ."

ನಿಮ್ಮೋರು. ಮೆರಿದಾ ನಗರದ ಉತ್ತರದ ಸಿರಿವಂತ ಬಡಾವಣೆಗಳಲ್ಲಿ ಆ ಮಾತನ್ನು ಬೆಣ್ಣೆ ಹಚ್ಚಿದಷ್ಟು ಮೆತ್ತಗೆ ಹೇಳುತ್ತಾರೆ. ಕಾನಸೀನ್‌ನಿಂದ ಎರಡು ಬಸ್ಸು ಬದಲಿಸಿ ಬಂದು ಆ ಮನೆಗಳ ನೆಲ ಒರೆಸುವವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಜಿನಿಯರ್ ಗಿಲ್ಮೆರ್ ಅಕ್ವೇರಿಯಂ ಅಂಗಡಿಯವನು. ಎರಡು ವಾರಕ್ಕೊಮ್ಮೆ ಬಂದು ತೊಟ್ಟಿಯ ನೀರಿನ ಕ್ಷಾರ ಅಳೆಯುತ್ತಿದ್ದ. ಅವನ ವಾದ ಹೀಗಿತ್ತು: ಎಂಟಿರಬೇಕಾದ ಅಂಕಿ ಜನವರಿಯಿಂದ ಏರಿ ಒಂಬತ್ತಾಗಿದೆ, ಕ್ಷಾರ ಹವಳಕ್ಕೆ ಆಹಾರವಾದರೂ ಹೆಚ್ಚಾದರೆ ಅದರ ತುದಿ ಸುಡುತ್ತದೆ, ಅದಕ್ಕೇ ದ್ರವ ಹನಿಸುವ ಯಂತ್ರವನ್ನು ತಾನು ಮೂರು ಸಲ ತಗ್ಗಿಸಿದ್ದೇನೆ, ಆದರೂ ಅಂಕಿ ಇಳಿಯುತ್ತಿಲ್ಲ, ಅಂದಮೇಲೆ ಯಾರೋ ಕೈಯಾರೆ ಸುರಿಯುತ್ತಿದ್ದಾರೆ. ತೊಟ್ಟಿಯ ಹತ್ತಿರ ಹೋಗುವವರು ಡಾಕ್ಟರು, ಅವನು ಮತ್ತು ಲಾಂದಿ. ಮೂವರಲ್ಲಿ ಒಬ್ಬರನ್ನು ಆರಿಸಲು ಆ ಮನೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ವಾದದಲ್ಲಿ ಬಿರುಕಿಲ್ಲ ಎಂದು ಲಾಂದಿಗೂ ಅನಿಸಿತು. ಆದರೆ ಅವಳು ಹವಳವನ್ನು ದಿನಾ ನೋಡುವವಳು. ಬೆಂಕಿಕಡ್ಡಿಯಷ್ಟಿದ್ದ ನೇರಳೆ ಕವಲು ಎಂಟು ವರ್ಷದಲ್ಲಿ ಅಂಗೈಯಗಲ ಬೆಳೆದದ್ದು ಅವಳ ಕಣ್ಣೆದುರೇ. ಈಗ ಅದರ ತುದಿ ಮಾತ್ರವಲ್ಲ, ಬುಡವೂ ಬಿಳಿಚಿಕೊಂಡಿತ್ತು. ಹೊಟ್ಟೆ ಬಿರಿಯುವಷ್ಟು ಉಂಡವರಿಗೂ ಹಸಿದವರಿಗೂ ಇರುವ ವ್ಯತ್ಯಾಸ ಅವಳಿಗೆ ಯಾವ ಇಂಜಿನಿಯರೂ ಕಲಿಸಬೇಕಾದದ್ದಲ್ಲ. ಇದು ಹಸಿವು.

ಶುಕ್ರವಾರ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಕಾಫಿ ಕುದಿಸುವ ಪಾತ್ರೆಯ ತಳದ ಸುಣ್ಣ ಕೆರೆದಳು. ಮೆರಿದಾದ ನಲ್ಲಿ ನೀರು ಸುಣ್ಣದ ಕಲ್ಲಿನ ಹೊಟ್ಟೆಯಿಂದ ಬರುವ ನೀರು. ನಿಂತಲ್ಲಿ ಬಿಳಿ ಬಿಟ್ಟು ಹೋಗುತ್ತದೆ. ಹುಳಿ ಕಿತ್ತಳೆಯ ಅರ್ಧ ಹೋಳನ್ನು ಪಾತ್ರೆಗೆ ಹಿಂಡಿದಳು. ನೊರೆ ಎದ್ದಿತು. ಪ್ರತಿ ಶುಕ್ರವಾರ ಏಳುವ ನೊರೆಯೇ. ಅವಳ ಕಣ್ಣು ಕಿಟಕಿಯ ಅಂಚಿಗೆ ಹೋಯಿತು.

ಅಲ್ಲಿ ಕ್ಷಾರ ಅಳೆಯುವ ಎರಡು ಗಾಜಿನ ಕೊಳವೆಗಳಿದ್ದವು. ಮುಂಚೆ ಗಿಲ್ಮೆರ್ ತನ್ನದೇ ಪೆಟ್ಟಿಗೆ ತಂದು ಒಯ್ಯುತ್ತಿದ್ದ. ಜನವರಿಯಲ್ಲಿ ಡಾಕ್ಟರು ಮನೆಗೇ ಒಂದು ಪೆಟ್ಟಿಗೆ ಕೊಂಡರು. ಅಂದಿನಿಂದ ಗಿಲ್ಮೆರ್ ಅಳತೆ ಮುಗಿಸಿ, "ತೊಳೆದಿಡಮ್ಮ," ಎಂದು ಹೋಗುತ್ತಿದ್ದ. ಬಣ್ಣದ ಕಲೆ ಬಿಡಲಿ ಎಂದು ಲಾಂದಿ ಕೊಳವೆಗೆ ದಿನಾ ಒಂದಿಷ್ಟು ನಲ್ಲಿ ನೀರು ಬಿಟ್ಟು ಕಿಟಕಿಯಲ್ಲಿಡುತ್ತಿದ್ದಳು. ಬಿಸಿಲಿಗೆ ಮಧ್ಯಾಹ್ನದೊಳಗೆ ತಾನಾಗಿ ಆರುತ್ತಿತ್ತು.

ಒಂದನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಉಗುರಿನ ಬಿಳಿಯಷ್ಟು ತೆಳುವಾದ ಉಂಗುರ. ಹುಳಿ ಕಿತ್ತಳೆಯ ಎರಡು ಹನಿ ಬಿಟ್ಟಳು. ಸೂಜಿಮೊನೆಯಂಥ ಗುಳ್ಳೆಗಳು ಎದ್ದವು.

ಲಾಂದಿ ಮಣೆ ಎಳೆದುಕೊಂಡು ಕೂತಳು. ಪೆಟ್ಟಿಗೆಯ ತಳದಲ್ಲಿ ಒಂದು ಹಾಳೆ ಇತ್ತು. ಕಾರ್ಖಾನೆಯಲ್ಲಿ ಮಡಿಸಿದ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಿ, ಬೆರಳಿಟ್ಟು ಓದಿದಳು. ಪೆಟ್ಟಿಗೆಯ ಬಾಟಲಿಯಲ್ಲಿದ್ದದ್ದು ಹುಳಿ, ಕಿತ್ತಳೆಯ ರಸದಂಥದ್ದೇ. ನೀಲಿ ನೀರು ಹಳದಿಯಾಗುವವರೆಗೆ ಹನಿ ಎಣಿಸಬೇಕು. ಎರಡು ಹನಿಗೆ ಒಂದು ಡಿಗ್ರಿ. ಕೊಳವೆಯನ್ನು ಶುದ್ಧ ನೀರಿನಲ್ಲೇ ತೊಳೆಯಬೇಕು. ಹಾಗಾದರೆ ಇಷ್ಟು ದಿನ ಒಂದಿಷ್ಟು ಹುಳಿ ತೊಟ್ಟಿಯ ನೀರನ್ನಲ್ಲ, ತಳದ ಸುಣ್ಣವನ್ನು ತಿನ್ನುತ್ತಿತ್ತು. ಸುಣ್ಣ ತಿಂದ ಹನಿಗಳನ್ನೂ ತೊಟ್ಟಿಯ ಲೆಕ್ಕಕ್ಕೆ ಹಾಕುತ್ತಿದ್ದರು.

ಅದೇ ಕೊಳವೆಯನ್ನು ಕುಡಿಯುವ ನೀರಿನ ಕ್ಯಾನಿನಿಂದ ಐದು ಸಲ ತೊಳೆದು, ತೊಟ್ಟಿಯ ನೀರು ಹಾಕಿ, ಬಾಟಲಿಯನ್ನು ನೆಟ್ಟಗೆ ಹಿಡಿದು ಎಣಿಸಿದಳು. ಹನ್ನೊಂದಕ್ಕೆ ಹಳದಿ. ಐದೂವರೆ. ಎಂಟಿರಬೇಕಾದಲ್ಲಿ ಐದೂವರೆ.

ಎರಡನೆಯ ಕೊಳವೆಯನ್ನು ಅವಳು ಮುಟ್ಟಲಿಲ್ಲ.

ಅಂದು ಸಂಜೆ ಕಾನಸೀನ್‌ನ ಔಷಧಿ ಅಂಗಡಿಯಲ್ಲಿ ಗೆಳತಿ ನೆಲ್ಸಿ ಪೆಚ್ ಕತೆ ಪೂರ್ತಿ ಕೇಳಿ ನಕ್ಕಳು. ಮುಲಾಮು, ಪುಡಿ ಎಲ್ಲ ಕೈಯಲ್ಲೇ ತೂಗಿ ಮಾಡುವ ಹೆಂಗಸು.

"ಅಂದ್ರೆ ಹವಳ ಕೊಂದಿದ್ದು ನೀನೇ."

"ಬಾಯಿ ಮುಚ್ಚೇ. ನಾನು ತೊಳೆದಿದ್ದು."

"ಅದನ್ನೇ ಹೇಳಿದ್ದು. ಸುಮ್ನಿರು ಮಾರಾಯ್ತಿ. ಯಾರಿಗೂ ಗೊತ್ತಾಗ್ದಂಗೆ ಇನ್ನೊಂದು ಕೊಳವೆನೂ ಕಿತ್ತಳೆಗೆ ಅದ್ದಿಬಿಡು. ಸೋಮವಾರ ಐದೂವರೆ ಬರತ್ತೆ, ನಿನ್ನ ಕೆಲಸ ಉಳಿಯತ್ತೆ."

"ಉಳಿಯತ್ತೆ. ಹೆದರಿ ಸುರಿಯೋದು ಬಿಟ್ಟಳು ಅಂತಾರೆ. ಕಳ್ಳತನ ಬಿಟ್ಟೋಳು ಅನ್ನಿಸ್ಕೊಂಡು ಆ ಮನೇಲಿ ಇನ್ನೆಂಟು ವರ್ಷ ಇರ್ಬೇಕು ನಾನು."

ನೆಲ್ಸಿ ನಗು ನಿಲ್ಲಿಸಿದಳು. ತಕ್ಕಡಿ ಒರೆಸಿದಳು.

"ಅಡುಗೆ ಸೋಡಾ ಗೊತ್ತಲ್ಲ? ಲೀಟರ್ ಶುದ್ಧ ನೀರಿಗೆ ಇನ್ನೂರ ನಲವತ್ತು ಮಿಲಿಗ್ರಾಂ ಹಾಕಿದ್ರೆ ಎಂಟು ಡಿಗ್ರಿ. ಪೋಪ್ ಬಂದು ಅಳೆದ್ರೂ ಎಂಟೇ. ಒಂದು ಬಾಟಲಿ ಮಾಡಿ, ಚೀಟಿ ಅಂಟಿಸಿ ಸಹಿ ಹಾಕಿ ಕೊಡ್ತೀನಿ. ಆಮೇಲೆ ನಿಮ್ಮ ಇಂಜಿನಿಯರು ಕಲೀಲಿ."

ಸೋಮವಾರ. ಒಲೆಯ ಮೇಲೆ ಹಂದಿಮಾಂಸ ಹಾಕಿದ ಕಪ್ಪು ಅವರೆ ಬೇಯುತ್ತಿತ್ತು. ಗಿಲ್ಮೆರ್ ಸಿರಿಂಜಿನಲ್ಲಿ ತೊಟ್ಟಿಯ ನೀರು ಎಳೆಯಲು ಬಾಗಿದ. ಡಾಕ್ಟರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಲಾಂದಿ ನೆಲ್ಸಿ ಕೊಟ್ಟ ಬಾಟಲಿಯನ್ನೂ ತಾನು ಮುಟ್ಟದೆ ಬಿಟ್ಟಿದ್ದ ಎರಡನೆಯ ಕೊಳವೆಯನ್ನೂ ಮೇಜಿನ ಮೇಲಿಟ್ಟಳು.

"ಮೊದಲು ಇದನ್ನ ಅಳೀರಿ ಇಂಜಿನಿಯರೇ. ಎಂಟು ಡಿಗ್ರಿ ಅಂತ ತೂಗಿ ಮಾಡಿದ್ದು. ಚೀಟಿ ನೋಡಿ."

"ಇದೇನಮ್ಮ, ನನಗೇ ಪರೀಕ್ಷೆನಾ?"

"ನಿಮಗಲ್ಲ. ಕೊಳವೆಗೆ."

ಗಿಲ್ಮೆರ್ ಡಾಕ್ಟರ ಮುಖ ನೋಡಿದ. ಡಾಕ್ಟರು ಚೀಟಿ ಓದಿ, "ಎರಡು ನಿಮಿಷದ ಕೆಲಸ, ಮಾಡು," ಎಂದರು.

ಗಿಲ್ಮೆರ್ ಕೆಲಸಗಾರ, ಅದನ್ನು ಅಲ್ಲಗಳೆಯುವಂತಿಲ್ಲ. ಸಿರಿಂಜಿನ ಗುಳ್ಳೆ ತಟ್ಟಿ ತೆಗೆದ, ಒಂದೊಂದು ಹನಿಗೂ ಕೊಳವೆ ಆಡಿಸಿದ. ಹದಿನಾರು ದಾಟಿತು, ನೀಲಿ. ಇಪ್ಪತ್ತು, ನೀಲಿ. ಇಪ್ಪತ್ನಾಲ್ಕಕ್ಕೆ ಹಳದಿ.

"ಹನ್ನೆರಡು. ನಿಮ್ಮ ಔಷಧಿಯಮ್ಮಂಗೆ ತೂಗೋಕೆ ಬರಲ್ಲ."

"ಈಗ ಅದೇ ಕೊಳವೆ. ಶುದ್ಧ ನೀರಲ್ಲಿ ತೊಳೆದು, ಅದೇ ಬಾಟಲಿಯಿಂದ ಇನ್ನೊಂದ್ಸಲ."

ಈ ಸಲ ಹದಿನಾರಕ್ಕೆ ಹಳದಿಯಾಯಿತು.

ಗಿಲ್ಮೆರ್ ಕೊಳವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ತಳದ ಬಿಳಿಯನ್ನು ಮೊದಲ ಸಲದ ಹುಳಿ ತಿಂದು ಮುಗಿಸಿತ್ತು. ಅವನು ಯಾರೂ ಹೇಳದೆಯೇ ತೊಟ್ಟಿಯ ನೀರು ಹಾಕಿ ಎಣಿಸಿದ. ಹನ್ನೊಂದು.

"ಐದೂವರೆ," ಎಂದ, ತನಗಷ್ಟೇ ಕೇಳುವಂತೆ. "ನಾನು ಮೂರು ತಿಂಗಳಿಂದ ಇದಕ್ಕೆ ಊಟ ಕಮ್ಮಿ ಮಾಡ್ತಾ ಬಂದಿದ್ದೀನಿ."

ದಿನವಿಡೀ ಜನರ ಹಲ್ಲಿನ ಮೇಲಿನ ಕಲ್ಲು ಕೆರೆಯುವ ಡಾಕ್ಟರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. "ಕೊಳವೆ ತೊಳೀತಿದ್ದಿದ್ದು ಯಾರು?"

"ನಾನೇ," ಎಂದಳು ಲಾಂದಿ. "ನಲ್ಲಿ ನೀರಲ್ಲಿ."

"ಹಾಗಾದ್ರೆ ತಪ್ಪು ನಿನ್ನದೇ ಆಯ್ತಲ್ಲ."

"ತೊಳೆದಿದ್ದು ನಾನು, ಒಪ್ಪಿದೆ. ತೊಳೆದಿಡು ಅಂದೋರು ಯಾವ ನೀರಲ್ಲಿ ಅಂತ ಹೇಳ್ಲಿಲ್ಲ. ಆ ಹಾಳೆ ಜನವರಿಯಿಂದ ಪೆಟ್ಟಿಗೇಲೇ ಇತ್ತು, ನೀವಿಬ್ರೂ ಬಿಚ್ಲಿಲ್ಲ. ನಂಗೂ ಶುಕ್ರವಾರದವರೆಗೆ ಹೊಳೀಲಿಲ್ಲ. ಅದರಲ್ಲಿ ಮೂರು ಜನಕ್ಕೂ ಪಾಲಿದೆ. ಆದ್ರೆ ನೀವು ನನ್ನ ಮೇಲೆ ಹೊರಿಸಿದ್ದು ತೊಳೆದಿದ್ದನ್ನಲ್ಲ. ಸುರಿದೆ ಅಂದ್ರಿ. ನಾನು ಸುರಿದಿಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಸರಿ ಬಿಡು. ಗಿಲ್ಮೆರ್, ಈಗಲೇ ದ್ರವ ಹಾಕಿ ಎಂಟಕ್ಕೆ ತಂದುಬಿಡು."

"ಬೇಡ," ಎಂದರು ಲಾಂದಿಯೂ ಗಿಲ್ಮೆರನೂ ಒಟ್ಟಿಗೆ. ಗಿಲ್ಮೆರ್ ಅವಳಿಗೆ ದಾರಿ ಬಿಟ್ಟ.

"ಹಸಿದೋರಿಗೆ ಒಂದೇ ಸಲ ಹಬ್ಬದೂಟ ಹಾಕಬಾರದು ಡಾಕ್ಟರೇ. ದಿನಕ್ಕೆ ಅರ್ಧ ಡಿಗ್ರಿ ಅಂತ ಹಾಳೇಲೇ ಇದೆ. ಐದು ದಿನ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಅಳೀಬೇಕು. ನಾನು ಅಳೀತೀನಿ."

ಗಿಲ್ಮೆರ್ ಅಂಕಿ ಬರೆಯುವ ಪುಸ್ತಕವನ್ನು ಅವಳ ಕಡೆ ತಳ್ಳಿದ. ಅಳೆದವರು ಎಂಬ ಸಾಲಿನಲ್ಲಿ ಜನವರಿಯಿಂದ ಅವನ ಮೊದಲಕ್ಷರಗಳೇ ಇದ್ದವು. ಲಾಂದಿ ಶುಕ್ರವಾರದ ದಿನಾಂಕ ಹಾಕಿ ಐದೂವರೆ ಎಂದು ಬರೆದಳು. ಹೆಸರನ್ನು ಪೂರ್ತಿ ಬರೆದಳು: ಲಾಂದಿ ಚುಕ್ ಕನುಲ್.

ಅಷ್ಟರಲ್ಲಿ ಮಿರ್ನಾ ಮೆಟ್ಟಿಲಿಳಿದು ಬಂದರು. "ಏನಾಯ್ತು? ಒಂಬತ್ತೇನಾ?"

"ಇಲ್ಲ ಇಲ್ಲ, ಕೊಳವೆ ಸರಿಯಿರಲಿಲ್ಲ," ಎಂದರು ಡಾಕ್ಟರು. "ಎಲ್ಲ ಸರಿಯಾಯ್ತು. ಲಾಂದಿ, ಅಡುಗೆ ಆಯ್ತೇನೋ ನೋಡು."

ಲಾಂದಿ ಪೆನ್ನು ಕೆಳಗಿಟ್ಟಳು. ಅಡುಗೆಮನೆಗೆ ಹೋಗಲಿಲ್ಲ. ಅವರೆ ಇನ್ನೂ ಒಂದಿಷ್ಟು ಬೇಯಲಿ.

"ಅಮ್ಮಾವ್ರಿಗೆ ಹೇಳಿ ಡಾಕ್ಟರೇ. ಗುರುವಾರ ಹೇಳಿದ್ರಲ್ಲ, ಅದನ್ನ ವಾಪಸ್ ತಗೊಂಡು ಹೇಳಿ."

ಡಾಕ್ಟರು ಕನ್ನಡಕ ಹಾಕಿಕೊಂಡರು, ತೆಗೆದರು.

"ಲಾಂದಿ ಏನೂ ಸುರಿದಿರಲಿಲ್ಲ," ಎಂದರು ತೊಟ್ಟಿಯ ಕಡೆ ನೋಡುತ್ತ.

"ಮೀನಿಗಲ್ಲ. ಅಮ್ಮಾವ್ರಿಗೆ."

ಗಿಲ್ಮೆರ್ ಸಿರಿಂಜನ್ನು ಬೇಕಾದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ತೊಳೆಯತೊಡಗಿದ. ಡಾಕ್ಟರು ಹೆಂಡತಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು, ಈ ಸಲ ಮೇಲಿನ ಮಹಡಿಗೂ ಕೇಳುವಷ್ಟು ಗಟ್ಟಿಯಾಗಿ. ಮಿರ್ನಾ ಸರಿ ಎಂಬಂತೆ ತಲೆಯಾಡಿಸಿದರು.

ಲಾಂದಿ ಎರಡು ಕೊಳವೆಗಳನ್ನೂ ಎತ್ತಿಕೊಂಡಳು. ಕ್ಯಾನಿನ ನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿದಳು. ಆಮೇಲೆ ಹೋಗಿ ಅವರೆಯ ಒಲೆ ಆರಿಸಿದಳು.