ನೋವು ನಿಂತರೆ ಹೆದರುವ ವೈದ್ಯರು

ನಮ್ಮ ಬೀದಿಯ ಹಲ್ಲಿನ ಡಾಕ್ಟರು ನೋವು ತಾಳಲಾರದೆ ಅಳುತ್ತ ಬಂದವರೆದುರು ನಿಶ್ಚಿಂತರಾಗಿರುತ್ತಿದ್ದರು. ನೋವು ತಾನಾಗಿಯೇ ನಿಂತಿತೆಂದು ನಗುತ್ತ ಬಂದವರನ್ನು ಕಂಡರೆ ಮಾತ್ರ ಅವರ ಮುಖ ಕಂದುತ್ತಿತ್ತು.

ಎತ್ತರದ ಆಳು. ವರ್ಷಾನುವರ್ಷ ಪರರ ಬಾಯಿಯತ್ತ ಬಗ್ಗಿ ಬಗ್ಗಿ ನಡಿಗೆಗೇ ಒಂದು ಓರೆ ಬಂದು, ರಸ್ತೆಯಲ್ಲಿ ಹೋಗುವಾಗಲೂ ಯಾರದೋ ಗುಟ್ಟು ಕೇಳಿಸಿಕೊಳ್ಳುವವರಂತೆ ಬಲಕ್ಕೆ ವಾಲಿರುತ್ತಿದ್ದರು. ಮಾತಿನ ಕೊನೆಗೆ 'ನೋಡೋಣಂತೆ' ಎಂಬ ಬಾಲ ತಪ್ಪುತ್ತಿರಲಿಲ್ಲ. ಕೀಳಿಸಿಕೊಳ್ಳಲೆಂದೇ ಬಂದವರ ಹಲ್ಲನ್ನೂ "ಇನ್ನೊಂದೈದು ವರ್ಷ ದುಡಿಯುತ್ತೆ, ಇರಲಿ ಬಿಡಿ" ಎಂದು ಉಳಿಸಿ ಕಳಿಸುತ್ತಿದ್ದುದರಿಂದ ಬೀದಿಯವರು ಅವರನ್ನು ಪ್ರೀತಿಯಿಂದ ಜಿಪುಣ ಡಾಕ್ಟ್ರು ಎನ್ನುತ್ತಿದ್ದರು. ಬೂದುಬಣ್ಣದ ಸ್ವೆಟರಿನ ತೋಳುಗಳನ್ನು, ಕೆಲಸಕ್ಕೆ ಅಡ್ಡಬರುತ್ತವೆಂದು, ಮೊಣಕೈಗೇ ಕತ್ತರಿಸಿಕೊಂಡಿದ್ದರು. ಅದರ ಅಂಚು ಮಡಿಸಿ ಹೊಲಿದವಳು ನನ್ನ ಅಕ್ಕ. ಅವರ ದವಾಖಾನೆಯ ಕೆಳಗೇ ಅವಳ ಹೊಲಿಗೆ ಅಂಗಡಿ.

ಅಕ್ಕನಿಗೆ ಒಂದು ತಿಂಗಳಿಂದ ಕೆಳದವಡೆಯ ಹಲ್ಲು ನೋಯುತ್ತಿತ್ತು. ಲವಂಗ ಒತ್ತಿದಳು, ಔಷಧಿ ಅಂಗಡಿಯ ಮಾತ್ರೆ ನುಂಗಿದಳು, ಮೆಟ್ಟಿಲು ಹತ್ತಲು ಮಾತ್ರ ಅವಳಿಗೆ ಪುರುಸೊತ್ತಿರಲಿಲ್ಲ. ಕೊನೆಗೆ ಸ್ವೆಟರು ಕೊಡಲು ಹೋದಾಗ, ನೋವು ಮೊನ್ನೆಯೇ ಹೋಯಿತೆಂದು ಹೆಮ್ಮೆಯಿಂದ ಹೇಳಿದಳು. ಡಾಕ್ಟರು ಬಾಯಿ ತೆರೆಸಿ ಆ ಹಲ್ಲನ್ನು ತಟ್ಟಿ ನೋಡಿದರು.

"ಹೋಗಿಲ್ಲಮ್ಮ. ಒಳಗಿನ ನರ ಸತ್ತಿದೆ, ಅದಕ್ಕೇ ಸದ್ದಿಲ್ಲ. ಕೀವು ಬೇರಿನ ತುದೀಲೇ ಇದೆ. ಈಗಲೇ ಕೂತ್ಕೊಳ್ಳಿ, ಹಲ್ಲು ತೆರೆದು ತೊಳೆದುಬಿಡೋಣಂತೆ."

"ನಲವತ್ತು ಯೂನಿಫಾರ್ಮ್ ಬಾಕಿ ಇದೆ ಡಾಕ್ಟ್ರೇ. ಸೋಮವಾರ ಬರ್ತೀನಿ. ಅಲ್ಲೀವರೆಗೂ ಒಂದು ಗಟ್ಟಿ ಮಾತ್ರೆ ಬರೆದುಕೊಡಿ."

"ಮಾತ್ರೆಗೆ ಊತ ತಗ್ಗಬಹುದು. ಬೇರು ಶುದ್ಧ ಆಗಲ್ಲ."

ಅಕ್ಕ ಇಳಿದು ಬಂದಳು. ಮರುದಿನ ದವಾಖಾನೆ ತೆರೆಯುವ ಮುನ್ನ ಡಾಕ್ಟರು ಅಂಗಡಿಯ ಬಾಗಿಲಲ್ಲಿ ನಿಂತು ಅವಳ ದವಡೆಯನ್ನು ದಿಟ್ಟಿಸಿ ಮೇಲೆ ಹೋದರು. ಅದರ ಮರುದಿನವೂ ಹಾಗೆಯೇ. ಮೂರನೆಯ ಬೆಳಿಗ್ಗೆ ನಾನು ಅಲ್ಲೇ ಕುಳಿತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. "ಹೇಗಿದೀರಿ?" ಎಂಬ ಅವರ ಪ್ರಶ್ನೆಗೆ ಅಕ್ಕ "ಏನಿಲ್ಲ" ಎಂದಳು, ಆ ದನಿ ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡು ಮಾತಾಡಿದಂತಿತ್ತು. ಗದ್ದದ ಕೆಳಗೆ ಊದಿ ಬಿಗಿದಿತ್ತು. ಜೊಲ್ಲು ನುಂಗಲಾಗದೆ ಚಿಂದಿಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದಳು. ಡಾಕ್ಟರು ಬೆರಳ ಹಿಂಬದಿಯಿಂದ ಊತವನ್ನು ಮುಟ್ಟಿ, ನಾಲಗೆ ಎತ್ತಲು ಹೇಳಿದರು. ಆಗಲಿಲ್ಲ.

"ಇದು ನನ್ನ ಕುರ್ಚೀಲಿ ಆಗೋ ಕೆಲಸ ಅಲ್ಲ" ಎಂದು ನನ್ನತ್ತ ತಿರುಗಿದರು. "ಊತ ಉಸಿರಿನ ದಾರಿ ಹತ್ರ ಬಂದಿದೆ. ಗಾಡಿ ಕರೀರಿ, ದೊಡ್ಡಾಸ್ಪತ್ರೆಗೆ ಹೋಗಬೇಕು."

ಮೆಟ್ಟಿಲ ಮೇಲೆ ಕಾದವರಿಗೆ ಕೈಮುಗಿದು ನಾಳೆ ಬರಲು ಹೇಳಿ, ನಮ್ಮೊಡನೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ಅವಳನ್ನು ಒರಗಲು ಬಿಡದೆ, ಮುಂದಕ್ಕೆ ಬಾಗಿಸಿ ಕೂರಿಸಿಕೊಂಡು, ಅವಳ ಉಸಿರನ್ನೇ ಆಲಿಸುತ್ತಿದ್ದರು. ಆಸ್ಪತ್ರೆಯಲ್ಲಿ ತಿಂಗಳ ಕಥೆಯನ್ನು ನಾಲ್ಕೇ ವಾಕ್ಯಗಳಲ್ಲಿ ಒಪ್ಪಿಸಿದರು. ಕೀವು ತೆಗೆಯಲು ಒಳಗೆ ಕರೆದೊಯ್ಯುವಾಗ ಶಸ್ತ್ರವೈದ್ಯೆ, ಆ ಹಲ್ಲನ್ನೂ ಕಿತ್ತುಬಿಡಬೇಕಾಗುತ್ತದೆ ಎಂದರು.

"ತೆಗೀರಿ, ತೆಗೀರಿ. ಅದನ್ನೇನು ಕೇಳ್ತೀರಿ" ಎಂದರು ನಮ್ಮ ಜಿಪುಣರು.

ಅರ್ಧ ದಿನ ತಡವಾಗಿದ್ದರೆ ಉಸಿರೇ ಕಟ್ಟುತ್ತಿತ್ತೆಂದು ಸಂಜೆ ಆ ವೈದ್ಯೆ ನನಗೆ ಹೇಳಿದಾಗ, ಡಾಕ್ಟರು ಗೋಡೆಬದಿಯ ಬೆಂಚಿನಲ್ಲಿ ಕುಳಿತಲ್ಲೇ ನಿದ್ದೆಹೋಗಿದ್ದರು. ಎಬ್ಬಿಸಿ ಏನಾದರೂ ಹೇಳಬೇಕೆಂದುಕೊಂಡೆ. ಎಬ್ಬಿಸದೆ ಅವರ ಪಕ್ಕದಲ್ಲೇ ಕುಳಿತೆ.

ಒಂಬತ್ತನೆಯ ದಿನ ಅಕ್ಕ ಮನೆಗೆ ಬಂದಳು. ಯಾರ ಮುಂದೆಯೂ ತಪ್ಪೊಪ್ಪಿಕೊಳ್ಳದವಳು ಅಂದೇ ಮೆಟ್ಟಿಲು ಹತ್ತಿ, "ನಿಮ್ಮ ಮಾತು ಕೇಳಬೇಕಿತ್ತು" ಎಂದಳು.

"ಹೊಲಿಗೆ ಅರ್ಧಕ್ಕೆ ಬಿಟ್ಟು ಏಳೋದು ಕಷ್ಟ, ನಂಗೂ ಗೊತ್ತು" ಎಂದರು ಡಾಕ್ಟರು. "ಕೂತ್ಕೊಳ್ಳಿ. ಉಳಿದವನ್ನ ನೋಡೋಣಂತೆ."

ಅಪ್ರಿಯವಾದ ಸತ್ಯವನ್ನು ಹೇಳಿ ಕೈತೊಳೆದುಕೊಳ್ಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹೇಳಿದ್ದನ್ನು ಕೇಳಲಿಲ್ಲವೆಂದು ಮುನಿದು ದೂರವಾಗುವವರಿಗೂ ಕೊರತೆಯಿಲ್ಲ. ಆದರೆ ಕೇಳದವರನ್ನು ಹುಡುಕಿಕೊಂಡು ಮರುದಿನವೂ ಬರುವ ಕೆಲವರಿರುತ್ತಾರೆ. ಅವರು ನಮ್ಮ ಹಟವನ್ನು ಅಪರಾಧವೆಂದೆಣಿಸದೆ, ಕಾಯಿಲೆಯ ಒಂದು ಲಕ್ಷಣವೆಂದೇ ಬಗೆದು, ಅದಕ್ಕೂ ಸೇರಿಸಿಯೇ ಚಿಕಿತ್ಸೆ ಮಾಡುತ್ತಾರೆ.