ಬೊಂಬಾಯಿಯ ತಾಯತ

ನೇತ್ರಾವತಿಯಾಣೆ, ಇದು ನಡೆದದ್ದೇ. ಸುಳ್ಳಾದರೆ ನನಗೆ ಕೆರೆಹಾವು ಕಚ್ಚಲಿ.

"ಗಟ್ಟಿ ಹಿಡಿಯೋ ಬೇವರ್ಸಿ! ಮಗು ಅಲುಗಿದ್ರೆ ಚಿತ್ರ ಹಾಳು!"

ಪಾಣೆಮಂಗಳೂರಿನ ಕಮಲಾಕ್ಷ ಡಾಕ್ಟರು ಕಿರಣ ತಡೆಯುವ ಸೀಸದ ತಡಿಕೆಯ ಹಿಂದೆ ನಿಂತು ಕಿರುಚಿದರು. ಎಕ್ಸ್‌ರೇ ಯಂತ್ರದ ಕೆಳಗೆ ಹುಕ್ರಪ್ಪ ಅಳುವ ಮಗುವನ್ನು ಒತ್ತಿ ಹಿಡಿದಿದ್ದ. ಅವನ ಹಿಡಿತವೆಂದರೆ ಹಿಡಿತ. ಹಾವುಮೀನು ಕೂಡ ಆ ಮುಷ್ಟಿಯಲ್ಲಿ ನಿದ್ದೆ ಹೋಗುತ್ತಿತ್ತು. ಅವನ ಜಾತಿಯವರು ಡಾಕ್ಟರ ಅಂಗಳ ದಾಟುವಂತಿರಲಿಲ್ಲ. ಈ ಕೋಣೆಯೊಂದಕ್ಕೆ ಮಾತ್ರ ಮೈಲಿಗೆಯಿಲ್ಲ.

ಹೆಣ್ಣುಮಕ್ಕಳು ಬಂದರೆ ಹಿಡಿಯಲು ಅವನ ಹೆಂಡತಿ ಅಮ್ಮಣ್ಣಿ. ನಾಲ್ಕು ವರ್ಷದಲ್ಲಿ ಇಬ್ಬರ ಉಗುರುಗಳೂ ಕಪ್ಪಾಗಿ ಸೀಳಿಹೋಗಿದ್ದವು. ಬೆರಳಿನ ಚರ್ಮ ಒಣ ಬಂಗುಡೆಯಂತೆ ಬಿರಿದಿತ್ತು.

ಅರವತ್ತನಾಲ್ಕನೇ ಇಸವಿಯಲ್ಲಿ ಡಾಕ್ಟರಿಗೆ ಬೊಂಬಾಯಿಯಿಂದ ಕೋಟಿನ ಎದೆಗೆ ಸಿಕ್ಕಿಸುವ ಒಂದು ಪದಕ ಬರತೊಡಗಿತು. ತಿಂಗಳಾದರೆ ಹಳೆಯದು ಅಂಚೆಯಲ್ಲಿ ಹೋಗಿ ಹೊಸದು ಬರುವುದು. ಹುಕ್ರಪ್ಪ ತಲೆ ಕೆರೆದು ಕೆರೆದು ಕಂಡುಹಿಡಿದ: ತಾಯತ! ಅದಕ್ಕೇ ಧಣಿಯ ಉಗುರು ದಾಸವಾಳದ ಹಾಗೆ ಕೆಂಪಗೆ.

ಸೆಕೆಗೆ ಡಾಕ್ಟರು ಕೋಟು ಹಾಕುತ್ತಿರಲಿಲ್ಲ. ಪದಕ ಕೋಟಿನೊಡನೆ ಗೂಟದಲ್ಲಿ ನೇತಾಡುತ್ತಿತ್ತು. ಒಂದು ತಿಂಗಳು ಹುಕ್ರಪ್ಪ ಬೆಳಿಗ್ಗೆ ಅದನ್ನು ಬಿಚ್ಚಿ ಅಂಗಿಯೊಳಗೆ ಸಿಕ್ಕಿಸಿಕೊಂಡ. ಸಂಜೆ ಮರಳಿ ಇಟ್ಟ. ಅಮ್ಮಣ್ಣಿಗೆ ಆಗ ಮೂರು ತಿಂಗಳು. ಅವಳಿಗೆ ಕಟ್ಟು ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ.

ಬೊಂಬಾಯಿಯಿಂದ ಕಾಗದ ಬಂತು. ಓದಿದ ಡಾಕ್ಟರು ಹೋದ ತಿಂಗಳ ಪದಕಕ್ಕೆ ಏನಾಯಿತೆಂದು ಕೂಗಾಡಿದರು. ಹುಕ್ರಪ್ಪ ಕಾಲಿಗೆ ಬಿದ್ದು ಒಪ್ಪಿಕೊಂಡ. ಡಾಕ್ಟರ ಮುಖಕ್ಕೆ ಜೀವ ಬಂತು.

"ತಾಯತವಾ? ಅದು ಯಾರನ್ನೂ ಕಾಯುದಿಲ್ಲ ಮಾರಾಯ. ಮೈಗೆ ಎಷ್ಟು ಕಿರಣ ಬಿತ್ತು ಅಂತ ಹೇಳ್ತದೆ, ಅಷ್ಟೆ. ನಂದು ಅಂತ ಹೆದರಿದ್ದೆ. ನಿಂದಾ? ಹಾಗಾದ್ರೆ ತೊಂದ್ರೆ ಇಲ್ಲ."

"ಕಾಗದದಲ್ಲಿ ಎಂತ ಉಂಟು ಧಣಿ?"

"ಹಾಕಿಕೊಂಡವನು ಈ ಕೆಲಸ ಬಿಡಬೇಕಂತೆ. ಬಸುರಿಯರು ಹತ್ತಿರ ಬರಬಾರದಂತೆ. ಬೊಂಬಾಯಿಯವರಿಗೇನು, ಬರೀತಾರೆ." ಕಾಗದ, ಪದಕ ಎರಡೂ ಮೇಜಿನೊಳಗೆ ಹೋಗಿ ಬೀಗ ಬಿತ್ತು.

ಮನೆಯಲ್ಲಿ ಅಮ್ಮಣ್ಣಿ ಎಲ್ಲ ಕೇಳಿದಳು.

"ಇದ್ದದ್ದು ಒಂದೇ. ನೀನೇ ಕಟ್ಟಿಕೊಂಡಿಯಾ?"

"ಅದು ತಾಯತ ಅಲ್ವಂತೆ."

"ನೀನು ಕದ್ದದ್ದು ತಾಯತ ಅಂತಲೇ ಅಲ್ವಾ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಹುಕ್ರಪ್ಪನಿಗೆ ಆ ಕೈ ನೋಡಲಾಗಲಿಲ್ಲ. ಬಡಿಸಿದ ಗಂಜಿ ಹಾಗೇ ತಣ್ಣಗಾಯಿತು.

ಮರುದಿನ ಡಾಕ್ಟರ ಮೊಮ್ಮಗಳೇ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಳು.

"ಎಲ್ಲಿ ಸತ್ತಳೋ ಅಮ್ಮಣ್ಣಿ? ಹಿಡೀಲಿಕ್ಕೆ ಕರಿ!"

ಹುಕ್ರಪ್ಪ ಗೂಟದಿಂದ ಡಾಕ್ಟರ ಸೀಸದ ಅಂಗಿ ತೆಗೆದ, ಕಿರಣ ತಡೆಯುವಂಥದ್ದು. ಎರಡು ಅಕ್ಕಿಮುಡಿಯ ಭಾರ ಅದು! ಅಮ್ಮಣ್ಣಿಗೆ ತೊಡಿಸಿ, ಕೈಹಿಡಿದು ತಡಿಕೆಯ ಹಿಂದೆ ಕರೆದೊಯ್ದು ನಿಲ್ಲಿಸಿದ. ತಾನೂ ಅಲ್ಲೇ ನಿಂತ.

"ಹೊರಗೆ ಬಾರೋ ನಾಯಿ!"

"ಮಗು ನಿಮ್ಮದು ಧಣಿ. ನೀವೇ ಹಿಡೀರಿ. ಗುಂಡಿ ನಾನು ಒತ್ತುತ್ತೇನೆ."

ಡಾಕ್ಟರು ತಮ್ಮ ದಾಸವಾಳದ ಉಗುರುಗಳನ್ನು ನೋಡಿಕೊಂಡರು. ಮುಂದೆ ಬರಲಿಲ್ಲ.

ಮಗು ಅಲ್ಲಿ ಅಳುತ್ತಲೇ ಇದೆ. ಕಥೆ ಮುಗಿಯಬೇಕಾದರೆ ಯಾರಾದರೂ ಹೋಗಿ ಹಿಡಿಯಬೇಕಲ್ಲ? ಕಾಲು ಚಾಚಿ ಕೇಳುತ್ತಿದ್ದೀರಲ್ಲ, ನಿಮ್ಮ ಕೈ ತೋರಿಸಿ, ನೋಡುವ.